ಉಪ್ಪುಗಾಳಿಯ ಊರಿನಲ್ಲಿ ಏಸಿಯ ಆಯಸ್ಸು

ಪುಣೆಯಲ್ಲಿರುವ ಚಿಕ್ಕಮ್ಮನ ಮನೆಯ ಏಸಿಯೂ ಮುಂಬೈಯ ಮಾಹಿಮಿನ ನಮ್ಮ ಮಲಗುವ ಕೋಣೆಯ ಏಸಿಯೂ ಒಂದೇ ಕಂಪನಿಯವು, ಒಂದೇ ಮಾದರಿಯವು, ಒಂದೇ ಬೇಸಿಗೆಯಲ್ಲಿ ಕೊಂಡವು. ಚಿಕ್ಕಮ್ಮನದು ವರ್ಷಕ್ಕೊಮ್ಮೆ ಧೂಳು ತೊಳೆಸಿಕೊಂಡು ಇವತ್ತಿಗೂ ತಕರಾರಿಲ್ಲದೆ ನಡೆಯುತ್ತಿದೆ. ನಮ್ಮದರ ಹೊರಗಿನ ಯೂನಿಟ್ಟಿನ ತಳದ ತಗಡನ್ನು ಬೆರಳಿನಿಂದ ಒತ್ತಿದರೆ ಕಂದು ಹಕ್ಕಳೆಗಳು ಉದುರುತ್ತಿದ್ದವು, ತೆಳು ಅಲ್ಯೂಮಿನಿಯಂ ಹಾಳೆಗಳಾದ ಫಿನ್ನುಗಳ ಅಂಚು ಬಿಳಿ ಪುಡಿಯಾಗಿ ಕೈಗೆ ಹತ್ತುತ್ತಿತ್ತು. ಹಾಗಿರುವಾಗ ಏಸಿಯನ್ನು ಬದಲಿಸುವ ಹೊತ್ತು ಬಂತೆಂದು ತೀರ್ಮಾನಿಸುವುದು ಯಾವುದನ್ನು ನೋಡಿ ಎಂಬ ಪ್ರಶ್ನೆ ಕೆಲವು ಬೇಸಿಗೆಗಳಿಂದ ನನ್ನನ್ನು ಕಾಡುತ್ತಿದೆ. ಅಂಗಡಿಯವರು ವರ್ಷ ಎಣಿಸುತ್ತಾರೆ, ಮೆಕ್ಯಾನಿಕ್ ಗ್ಯಾಸಿನ ಮಾತಾಡುತ್ತಾನೆ, ಮನೆಯವರು ಕರೆಂಟ್ ಬಿಲ್ಲನ್ನು ಮುಂದಿಡುತ್ತಾರೆ, ಕಟ್ಟಡದ ಲಿಫ್ಟಿನಲ್ಲಿ ಸಿಕ್ಕವರು ‘ಹತ್ತು ವರ್ಷ ಬಂದರೆ ಪುಣ್ಯ’ ಎಂದು ಹೇಳಿ ಇಳಿದುಹೋಗುತ್ತಾರೆ. ಇವರಲ್ಲಿ ಯಾರ ಮಾತೂ ಸುಳ್ಳಲ್ಲ; ಆದರೆ ಯಾರೊಬ್ಬರ ಮಾತನ್ನೇ ನಂಬಿ ನಲವತ್ತು ಸಾವಿರ ರೂಪಾಯಿ ಖರ್ಚು ಮಾಡುವಷ್ಟು ಅದು ಪೂರ್ಣವೂ ಅಲ್ಲ.

ಕೊನೆಗೆ ನಮ್ಮ ಮನೆಯಲ್ಲಿ ಆದದ್ದು ಕೇಳಿದವರಿಗೆ ತಲೆಕೆಳಗಾಗಿ ಕಾಣುವಂಥದ್ದು. ಹಾಲ್‌ನಲ್ಲಿರುವ, ಇನ್ವರ್ಟರ್ (ಬೇಕಾದಂತೆ ಯಂತ್ರದ ವೇಗ ಏರಿಳಿಸುವ ವ್ಯವಸ್ಥೆ) ಇಲ್ಲದ, ಎಲ್ಲ ರೀತಿಯಲ್ಲೂ ಹಳೆಯದಾದ ಏಸಿಯನ್ನು ಉಳಿಸಿಕೊಂಡು, ಅದಕ್ಕಿಂತ ಎಷ್ಟೋ ಕಿರಿಯದಾದ ಮಲಗುವ ಕೋಣೆಯ ಏಸಿಯನ್ನು ಬದಲಿಸಿದೆವು. ಅದರ ಕಾರಣಗಳನ್ನು ವಿವರವಾಗಿ ಬರೆದಿಡಬೇಕೆನಿಸಿತು.

ಉಪ್ಪು ಮಾಡುವ ಕೆಲಸ

ಕಡಲ ಬದಿಯಲ್ಲಿ ಕಬ್ಬಿಣ ಉಳಿಯುವುದಿಲ್ಲವೆಂಬುದು ಕುಂದಾಪುರದ ಕಡೆಯಿಂದ ಬಂದ ನಮಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಆದರೆ ಏಸಿಯಲ್ಲಿ ಕಬ್ಬಿಣ ಹೋಗುವುದು ಕಣ್ಣಿಗೆ ಕಾಣುವ ಸಣ್ಣ ನಷ್ಟ; ದೊಡ್ಡ ನಷ್ಟ ತಾಮ್ರ ಮತ್ತು ಅಲ್ಯೂಮಿನಿಯಂ ಕೂಡುವ ಜಾಗದಲ್ಲಿ ನಡೆಯುತ್ತದೆ. ಹೊರಗಿನ ಯೂನಿಟ್ಟಿನ ಕಾಯಿಲ್ ಎಂದರೆ ತಾಮ್ರದ ಕೊಳವೆಗಳ ಮೇಲೆ ಒತ್ತಿ ಕೂರಿಸಿದ ಅಲ್ಯೂಮಿನಿಯಂ ಹಾಳೆಗಳ ಸಾಲು. ಈ ಎರಡು ಲೋಹಗಳ ನಡುವೆ ಉಪ್ಪುನೀರಿನ ಪಸೆಯೊಂದು ನಿಂತಿತೆಂದರೆ ಅಲ್ಲೊಂದು ಪುಟ್ಟ ವಿದ್ಯುತ್ ಕೋಶವೇ ಹುಟ್ಟಿಕೊಳ್ಳುತ್ತದೆ. ಅದರಲ್ಲಿ ಸವೆಯುವ ಪಾಳಿ ಯಾವಾಗಲೂ ಅಲ್ಯೂಮಿನಿಯಮ್ಮಿನದು. ಫಿನ್ ತಾಮ್ರವನ್ನು ಬಿಗಿಯಾಗಿ ಹಿಡಿದುಕೊಂಡಿರುವ ಕೊರಳಿನಲ್ಲೇ ಈ ಸವೆತ ಮೊದಲಾಗುವುದರಿಂದ, ಮೇಲುನೋಟಕ್ಕೆ ಕಾಯಿಲ್ ಗಟ್ಟಿಯಾಗಿಯೇ ಕಂಡರೂ ಕೊಳವೆಯ ಶಾಖ ಫಿನ್ನಿಗೆ ಸರಿಯಾಗಿ ದಾಟುವುದು ನಿಲ್ಲುತ್ತದೆ. ಶಾಖ ಹೊರಗೆ ಹೋಗದಿದ್ದಾಗ ಒಳಗಿನ ಒತ್ತಡ ಏರುತ್ತದೆ, ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಹೆಚ್ಚು ಕರೆಂಟು ಎಳೆಯುತ್ತದೆ. ಒಂದೂವರೆ ಟನ್ನಿನ ಹಳೆಯ ಏಸಿ ಸುಮಾರು ಎಂಟು ಆಂಪಿಯರ್ ಎಳೆಯಬೇಕಾದಲ್ಲಿ ಹತ್ತಕ್ಕೆ ಏರಿದ್ದರೆ, ಕೋಣೆ ತಂಪಾಗುತ್ತಿದ್ದರೂ ಅದು ಆರೋಗ್ಯದ ಲಕ್ಷಣವಲ್ಲ.

ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಮಾತನ್ನು ನಾವು ಬೇರೆ ಅರ್ಥದಲ್ಲಿ ಆಡುತ್ತೇವೆ. ಉಪ್ಪಿನ ವಿಷಯದಲ್ಲಿ ಮಾತ್ರ ಅದು ಅಕ್ಷರಶಃ ನಿಜ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 75ನ್ನು ದಾಟಿದರೆ ಅಡುಗೆಯ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗತೊಡಗುತ್ತದೆ. ಕಡಲಿನ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಇನ್ನೂ ಒಣ ಗಾಳಿಯಲ್ಲಿಯೂ ಒದ್ದೆಯಾಗುತ್ತದೆ. ಮುಂಬೈಯ ಬಹಳಷ್ಟು ರಾತ್ರಿಗಳಲ್ಲಿ ಆರ್ದ್ರತೆ ಈ ಗೆರೆಯ ಮೇಲೆಯೇ ಇರುತ್ತದೆಂಬುದನ್ನು ನೆನೆದರೆ, ಕಾಯಿಲ್ ಮೇಲೆ ಕೂತ ಉಪ್ಪಿನ ಪದರ ವರ್ಷದ ಹೆಚ್ಚಿನ ಕಾಲ ಒದ್ದೆಯಾಗಿಯೇ ಇರುತ್ತದೆಂದು ತಿಳಿಯಬೇಕು. ಮಳೆಗಾಲ ಏಸಿಯನ್ನು ಕೆಡಿಸುತ್ತದೆಂಬ ನಂಬಿಕೆಯಲ್ಲಿ ಅರ್ಧ ಸತ್ಯ ಮಾತ್ರ ಇದೆ: ಜೋರು ಮಳೆ ತಗಲುವ ಯೂನಿಟ್ಟಿನ ಉಪ್ಪನ್ನು ಮಳೆಯೇ ತೊಳೆದುಬಿಡುತ್ತದೆ. ಮಳೆ ನಿಂತ ಮೇಲೆ, ಮಧ್ಯಾಹ್ನದ ಕಡಲಗಾಳಿ ದಿನಾ ಉಪ್ಪು ತಂದು ಕೂರಿಸುವ, ಆದರೆ ತೊಳೆಯುವವರಿಲ್ಲದ ತಿಂಗಳುಗಳ ಬಗ್ಗೆ ನನಗೆ ಹೆಚ್ಚು ಭಯ. ಕಿಟಕಿಯ ಮೇಲೆ ಛಾವಣಿ ಹಾಕಿಸಿ ಯೂನಿಟ್ಟನ್ನು ‘ಕಾಪಾಡಿಕೊಂಡವರು’ ಈ ಲೆಕ್ಕದಲ್ಲಿ ಮಳೆಯ ಉಪಕಾರವನ್ನೂ ತಡೆದುಕೊಂಡಂತೆ. ತಿಂಗಳಿಗೊಮ್ಮೆ ಸಿಹಿನೀರು ಹಾಯಿಸುವುದು ಯಾವ ಬಣ್ಣದ ಲೇಪನಕ್ಕಿಂತಲೂ ಹೆಚ್ಚು ಉಪಯೋಗವೆಂದು ನನ್ನ ಅಭಿಪ್ರಾಯ. ಸರ್ವಿಸಿನ ಹುಡುಗರು ತರುವ ಆಸಿಡ್ ದ್ರಾವಣವನ್ನಂತೂ ಕಾಯಿಲ್ ಹತ್ತಿರ ಬಿಡಲೇಬಾರದು. ನೀಲಿ ಅಥವಾ ಹೊಂಬಣ್ಣದ ಲೇಪನವಿರುವ ಫಿನ್ನುಗಳು ಸವೆತವನ್ನು ಮುಂದೂಡುತ್ತವೆ ನಿಜ. ಆದರೆ ಫಿನ್ನನ್ನು ಕತ್ತರಿಸಿದ ಅಂಚಿನಲ್ಲಿ, ಬ್ರಷ್ ತಗಲಿ ಗೀರಾದ ಜಾಗದಲ್ಲಿ ಉಪ್ಪಿಗೆ ದಾರಿ ಸಿಕ್ಕೇ ಸಿಗುತ್ತದೆ.

ಮಾಹಿಮಿನವರಿಗೆ ಕಡಲಿನ ಜೊತೆಗೆ ಇನ್ನೊಂದು ಭಾಗ್ಯವೂ ಇದೆ. ಮೀಠಿ ನದಿ ಸಮುದ್ರ ಸೇರುವ ಖಾರಿ ಇಲ್ಲಿಯೇ ಇದೆ. ಇಳಿತದ ಹೊತ್ತಿನಲ್ಲಿ ಅದರ ವಾಸನೆ ರೈಲಿನಲ್ಲಿ ಬಾಂದ್ರಾಕ್ಕೆ ಹೋಗುವವರಿಗೂ ಗೊತ್ತು. ಆ ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು. ದೇವರ ಮುಂದಿನ ಬೆಳ್ಳಿ ದೀಪವನ್ನು ವಾರದೊಳಗೆ ಕಪ್ಪಾಗಿಸುವುದು ಅದೇ, ತಾಮ್ರವನ್ನು ಕಪ್ಪಾಗಿಸುವುದೂ ಅದೇ. ಇನ್ವರ್ಟರ್ ಏಸಿಯ ಹೊರಗಿನ ಯೂನಿಟ್ಟಿನಲ್ಲಿಯೇ ದುಬಾರಿಯಾದ ಸರ್ಕೀಟ್ ಬೋರ್ಡ್ ಇರುತ್ತದೆ. ಅದರ ಸಣ್ಣ ತಾಮ್ರದ ಗೆರೆಗಳಿಗೂ ಜೋಡಣೆಗಳಿಗೂ ಈ ಗಾಳಿ ಒಳ್ಳೆಯದಲ್ಲ. ಹಳೆಯ ಏಸಿಯಲ್ಲಿ ಕೆಪಾಸಿಟರ್ ಎಂಬ ಒಂದು ಸಣ್ಣ ಬಿಡಿಭಾಗ ಬದಲಿಸಿದರೆ ಮುಗಿಯುತ್ತಿದ್ದ ಕೆಲಸ ಹೊಸದರಲ್ಲಿ ಇಡೀ ಬೋರ್ಡಿನ ಮಾತಾಗುತ್ತದೆ.

ಗ್ಯಾಸ್ ತುಂಬಿಸುವ ಮಾತು

ನಮ್ಮ ಮಲಗುವ ಕೋಣೆಯ ಏಸಿ ಒಂದು ಏಪ್ರಿಲಿನಲ್ಲಿ ತಂಪು ಕೊಡುವುದನ್ನು ಕಡಿಮೆ ಮಾಡಿತು. ಬಂದ ಹುಡುಗ ಗೇಜ್ ಹಚ್ಚಿ ನೋಡಿ, ಗ್ಯಾಸ್ ಕಡಿಮೆಯಾಗಿದೆ, ‘ಭರ್‌ನಾ ಪಡೇಗಾ’ ಎಂದ. ತುಂಬಿಸಿದ, ಒಳ್ಳೆಯ ತಂಪು ಬಂತು. ಮರುವರ್ಷ ಮತ್ತೆ ಅದೇ ಮಾತು. ಏಸಿಯ ಗ್ಯಾಸ್ ಸ್ಕೂಟರಿನ ಪೆಟ್ರೋಲಿನಂತೆ ಉರಿದು ತೀರುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ಯಂತ್ರದ ಆಯಸ್ಸಿನುದ್ದಕ್ಕೂ ಸುತ್ತುತ್ತಿರಬೇಕು. ಕಡಿಮೆಯಾಯಿತೆಂದರೆ ಎಲ್ಲೋ ತೂತಿದೆ ಎಂದೇ ಅರ್ಥ. ತೂತು ಹುಡುಕದೆ ಗ್ಯಾಸ್ ತುಂಬಿಸಿದರೆ ಒಂದು ಬೇಸಿಗೆಯ ತಂಪನ್ನು ಬಾಡಿಗೆಗೆ ಪಡೆದಂತಾಗುತ್ತದೆ, ಅಷ್ಟೆ.

ಮೂರನೆಯ ಬಾರಿ ಬಂದವನು ಬೇರೆಯವನು, ವಯಸ್ಸಾದ ಮೆಕ್ಯಾನಿಕ್. ನಾನು ಗ್ಯಾಸಿನ ಮಾತೆತ್ತುವ ಮೊದಲೇ ಆತ ನೈಟ್ರೋಜನ್ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿ ಬಂದಿದ್ದ, ಲಿಫ್ಟಿನಲ್ಲಿ ಸಿಲಿಂಡರಿಗೆ ಅನುಮತಿಯಿಲ್ಲವೆಂದು ವಾಚ್‌ಮನ್ ತಡೆದಿದ್ದನಂತೆ. ಕೊಳವೆಯೊಳಗೆ ನೈಟ್ರೋಜನ್ ಒತ್ತಡ ಏರಿಸಿ, ಪಾತ್ರೆ ತೊಳೆಯುವ ಸೋಪಿನ ನೊರೆಯನ್ನು ಸ್ಪಂಜಿನಿಂದ ಒಂದೊಂದೇ ಜೋಡಣೆಗೆ ಹಚ್ಚುತ್ತಾ ಹೋದ. ಹೊರಗಿನ ಯೂನಿಟ್ಟಿನಲ್ಲಿ ಎಲ್ಲಿಯೂ ಗುಳ್ಳೆ ಏಳಲಿಲ್ಲ. ನಾನು ಅಷ್ಟು ದಿನ ದೂರುತ್ತಿದ್ದ, ತುಕ್ಕು ಹಿಡಿದು ಕುರೂಪವಾಗಿದ್ದ ಆ ಯೂನಿಟ್ ಸೋರುತ್ತಿರಲಿಲ್ಲ. ಗುಳ್ಳೆ ಎದ್ದದ್ದು ಕೋಣೆಯೊಳಗಿನ, ನೋಡಲು ಬೆಳ್ಳಗೆ ಚೊಕ್ಕಟವಾಗಿದ್ದ ಯೂನಿಟ್ಟಿನ ಕಾಯಿಲ್‌ನಲ್ಲಿ. ಅದೂ ಒಂದು ಕಡೆಯಲ್ಲ. ಆತ ಸ್ಪಂಜನ್ನು ಕೆಳಗಿಟ್ಟು, “ಆಂಟೀ, ಇಸ್ ಮೇ ಪೈಸಾ ಮತ್ ಡಾಲೋ” (ಇದಕ್ಕೆ ದುಡ್ಡು ಹಾಕಬೇಡಿ) ಎಂದ. ತನ್ನ ಸಂಪಾದನೆಗೆ ಅಡ್ಡಬರುವ ಆ ಮಾತನ್ನು ಆಡಿದ್ದರಿಂದಲೇ ನಾನು ಅದನ್ನು ನಂಬಿದೆ.

ಆಮೇಲೆ ಓದಿ ತಿಳಿದದ್ದೆಂದರೆ, ಒಳಗಿನ ಕಾಯಿಲ್ ತಾಮ್ರವನ್ನು ತೂತು ಮಾಡುವುದು ಕಡಲ ಉಪ್ಪೊಂದೇ ಅಲ್ಲ. ಪ್ಲೈವುಡ್ಡಿನ ಅಂಟು, ಬಣ್ಣ, ನೆಲ ಒರೆಸುವ ದ್ರಾವಣಗಳಿಂದ ಹೊರಡುವ ಫಾರ್ಮಿಕ್ ಮತ್ತು ಅಸಿಟಿಕ್ ಆಮ್ಲದ ಆವಿಗಳು ಒದ್ದೆಯಾದ ತಾಮ್ರದ ಮೇಲೆ ಕೂತು, ಇರುವೆಯ ಗೂಡಿನಂತೆ ಒಳಗೊಳಗೇ ಕವಲೊಡೆಯುವ ಸೂಕ್ಷ್ಮ ಸುರಂಗಗಳನ್ನು ಕೊರೆಯುತ್ತವೆ. ಲೋಹಶಾಸ್ತ್ರದವರು ಅದನ್ನು ಇರುವೆಗೂಡಿನ ಹೆಸರಿನಿಂದಲೇ ಕರೆಯುತ್ತಾರೆ. ನಮ್ಮಂಥ ಊರಿನಲ್ಲಿ ಒಳಗಿನ ಕಾಯಿಲ್ ಒಣಗುವುದೇ ಅಪರೂಪವಾದ್ದರಿಂದ ಆ ಆವಿಗೆ ಬೇಕಾದ ತೇವ ಸದಾ ಸಿದ್ಧ. ಹೀಗೆ ಹುಟ್ಟಿದ ತೂತನ್ನು ಬ್ರೇಜಿಂಗ್, ಅಂದರೆ ಲೋಹ ಕರಗಿಸಿ ಬೆಸುಗೆ, ಮಾಡಿ ಮುಚ್ಚಬಹುದು, ಆದರೆ ಪಕ್ಕದಲ್ಲೇ ಇನ್ನೊಂದು ಅರ್ಧ ದಾರಿ ಕೊರೆದುಕೊಂಡು ಕಾಯುತ್ತಿರುತ್ತದೆ. ಆದ್ದರಿಂದ ಸೋರಿಕೆ ಎಲ್ಲಿದೆ ಎಂಬುದು ನನ್ನ ಮಟ್ಟಿಗೆ ವಯಸ್ಸಿಗಿಂತ ದೊಡ್ಡ ಪ್ರಶ್ನೆ. ಫ್ಲೇರ್ ನಟ್ಟಿನಲ್ಲಿ, ವಾಲ್ವಿನಲ್ಲಿ, ಕೊಳವೆಯ ಬೆಸುಗೆಯಲ್ಲಿ ಸೋರಿದರೆ ಅದು ರಿಪೇರಿ; ಕಾಯಿಲ್‌ನ ಮೈಯಲ್ಲಿ ಹಲವೆಡೆ ಸೋರಿದರೆ ಕಾಯಿಲ್ ಮುಗಿಯಿತು. ಹೊಸ ಕಾಯಿಲ್‌ಗೆ ಕೇಳುವ ಬೆಲೆ, ಗ್ಯಾಸು, ಕೂಲಿ ಎಲ್ಲ ಸೇರಿ ಹೊಸ ಏಸಿಯ ಅರ್ಧದ ಹತ್ತಿರ ಬಂದು ನಿಲ್ಲುತ್ತದೆ.

ಕಂಪನಿಗಳು ದೊಡ್ಡ ಅಕ್ಷರದಲ್ಲಿ ಹತ್ತು ವರ್ಷದ ವಾರಂಟಿ ಬರೆಯುವುದು ಕಂಪ್ರೆಸರಿಗೆ. ಉಕ್ಕಿನ ಚಿಪ್ಪಿನೊಳಗೆ ಬೆಸೆದು ಮುಚ್ಚಿದ, ಉಪ್ಪು ಸುಲಭವಾಗಿ ಮುಟ್ಟಲಾಗದ ಭಾಗಕ್ಕೇ ಆ ಉದಾರತೆ. ಕರಾವಳಿಯಲ್ಲಿ ಮೊದಲು ಹೋಗುವ ಕಾಯಿಲ್ ಮತ್ತು ಬೋರ್ಡಿನ ವಿಷಯಕ್ಕೆ ಬಂದಾಗ ಅಕ್ಷರ ಸಣ್ಣದಾಗುತ್ತದೆ.

ತಂಪು ಮತ್ತು ಒಣ

ಪುಣೆಯ ಏಸಿ ಮುಖ್ಯವಾಗಿ ಗಾಳಿಯನ್ನು ತಂಪು ಮಾಡುತ್ತದೆ. ಮುಂಬೈಯದು ಗಾಳಿಯಿಂದ ನೀರನ್ನೂ ಹಿಂಡಬೇಕು. ಜುಲೈ ತಿಂಗಳ ರಾತ್ರಿಯಲ್ಲಿ ಹೊರಗೆ ಇಪ್ಪತ್ತಾರು ಇಪ್ಪತ್ತೇಳು ಡಿಗ್ರಿ ಇದ್ದರೂ ಹಾಸಿಗೆ ಅಂಟಂಟು, ಕಪಾಟಿನ ರೇಷ್ಮೆ ಸೀರೆಗೆ ಬೂಸಲು. ಆದ್ದರಿಂದ ಇಲ್ಲಿ ಏಸಿ ಸೋಲುವುದರ ಮೊದಲ ಗುರುತನ್ನು ಥರ್ಮಾಮೀಟರ್ ಕೊಡುವುದಿಲ್ಲ. ಗ್ಯಾಸ್ ಕಡಿಮೆಯಾದ ಯಂತ್ರದಲ್ಲಿ ಒಳಗಿನ ಕಾಯಿಲ್‌ನ ಒಂದು ತುದಿ ಮಾತ್ರ ಮಂಜುಗಟ್ಟುವಷ್ಟು ತಣ್ಣಗಾಗಿ ಉಳಿದ ಭಾಗ ಬೆಚ್ಚಗೇ ಇರುತ್ತದೆ. ಕೋಣೆ ಹೇಗೋ ತಂಪಾದೀತು, ಒಣಗುವುದಿಲ್ಲ. ನೀರು ಹೋಗುವ ಕೊಳವೆಯ ಕೆಳಗೆ ಒಂದು ಬಕೆಟ್ ಇಟ್ಟು ನೋಡುವುದು ನಾನು ಕಂಡ ಅತ್ಯಂತ ಅಗ್ಗದ ಪರೀಕ್ಷೆ. ಮಳೆಗಾಲದಲ್ಲಿ ಒಂದೂವರೆ ಟನ್ನಿನ ಆರೋಗ್ಯವಂತ ಏಸಿ ಗಂಟೆಗೆ ಒಂದು ಲೀಟರಿನ ಆಸುಪಾಸು ನೀರು ಬಿಡುವುದುಂಟು. ಹೋದ ವರ್ಷ ತುಂಬುತ್ತಿದ್ದ ಬಕೆಟ್ ಈ ವರ್ಷ ಅದೇ ಜುಲೈಯಲ್ಲಿ ಅರ್ಧಕ್ಕೆ ನಿಂತರೆ, ಬೇಸಿಗೆಯ ದೂರು ಬರುವ ಮೊದಲೇ ಸುದ್ದಿ ಬಂದಂತಾಯಿತು.

ಬದಲಿಸುವವರಿಗೆ ಇಲ್ಲೊಂದು ಎಚ್ಚರಿಕೆಯೂ ಇದೆ. ವಿದ್ಯುತ್ ಉಳಿತಾಯ ತೋರಿಸುವ ನಕ್ಷತ್ರದ ಚೀಟಿಗಾಗಿ ಏಸಿಯನ್ನು ಪರೀಕ್ಷಿಸುವ ಕೋಣೆಯ ಗಾಳಿ 27 ಡಿಗ್ರಿಯದು, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನಲ್ಲಿ 19. ಅಂದರೆ ಆರ್ದ್ರತೆ ಶೇಕಡಾ 50ಕ್ಕೂ ಕಡಿಮೆ. ಅಂಥ ಗಾಳಿ ನಮಗೆ ಜನವರಿಯ ಮಧ್ಯಾಹ್ನ ಸಿಕ್ಕರೆ ಉಂಟು. ಹೆಚ್ಚು ನಕ್ಷತ್ರ ಗಳಿಸಲು ಕಾಯಿಲ್ ದೊಡ್ಡದು ಮಾಡಿ, ಅದನ್ನು ತೀರಾ ತಣ್ಣಗಾಗಿಸದೆ, ಕಂಪ್ರೆಸರನ್ನು ನಿಧಾನವಾಗಿ ಓಡಿಸುತ್ತಾರೆ. ವಿದ್ಯುತ್ತು ಉಳಿಯುತ್ತದೆ, ಆದರೆ ಬೆಚ್ಚಗಿನ ಕಾಯಿಲ್ ಕಡಿಮೆ ನೀರನ್ನು ಹಿಂಡುತ್ತದೆ. ಹಳೆಯ ಗದ್ದಲದ ಏಸಿಯ ಕೆಳಗೆ ಒಣಗಿದ ಹಾಸಿಗೆಯಲ್ಲಿ ಮಲಗಿದವರು, ಹೊಸ ಐದು ನಕ್ಷತ್ರದ್ದನ್ನು ತಂದ ಮೇಲೆ ‘ತಂಪಿದೆ, ಆದರೆ ಏನೋ ಸರಿಯಿಲ್ಲ’ ಎಂದು ಗೊಣಗುವುದಕ್ಕೆ ಇದೇ ಕಾರಣ. ಕೋಣೆಗೆ ಬೇಕಾದ್ದಕ್ಕಿಂತ ದೊಡ್ಡ ಟನ್ನಿನದನ್ನು ತಂದರೆ ಈ ತೊಂದರೆ ಇಮ್ಮಡಿಯಾಗುತ್ತದೆ. ನಾವು ಮಲಗುವ ಕೋಣೆಗೆ ಒಂದೂವರೆಯ ಬದಲು ಒಂದು ಟನ್ನಿನದನ್ನೇ ತಂದೆವು. ಅಂಗಡಿಯವರಿಗೆ ಅದು ಒಪ್ಪಿಗೆಯಾಗಲಿಲ್ಲ.

ಬಿಲ್ಲಿನ ಲೆಕ್ಕ

ಹಳೆಯದನ್ನು ಎಸೆದರೆ ಕರೆಂಟ್ ಬಿಲ್ಲಿನಲ್ಲೇ ಹಣ ವಾಪಸು ಬರುತ್ತದೆಂಬುದು ಅರ್ಧ ಮಾತು. ಇನ್ವರ್ಟರ್ ಇಲ್ಲದ ಒಂದೂವರೆ ಟನ್ನಿನ ಏಸಿ ಓಡುವಾಗ ಸುಮಾರು 1.8 ಕಿಲೋವಾಟ್ ತಿನ್ನುತ್ತದೆ. ನಿಂತು ಓಡಿ ನಿಂತು ಓಡಿ ಗಂಟೆಗೆ ಸರಾಸರಿ 1.1 ಯೂನಿಟ್ ಎನ್ನೋಣ. ಅದೇ ಅಳತೆಯ ಐದು ನಕ್ಷತ್ರದ ಇನ್ವರ್ಟರ್ ಏಸಿಯ ಚೀಟಿಯಲ್ಲಿ, ವರ್ಷಕ್ಕೆ 1,600 ಗಂಟೆಯ ಲೆಕ್ಕದಲ್ಲಿ, ಸುಮಾರು 750 ಯೂನಿಟ್ ಎಂದಿರುತ್ತದೆ. ಮುಂಬೈಯಲ್ಲಿ ವರ್ಷದ ಏಳು ತಿಂಗಳು ರಾತ್ರಿ ಎಂಟು ಗಂಟೆ ಓಡಿಸುವವರು ಹೆಚ್ಚುಕಡಿಮೆ ಅದೇ 1,600 ಗಂಟೆ ಮುಟ್ಟುತ್ತಾರೆ. ಹಾಗಾದರೆ ಉಳಿತಾಯ ಸಾವಿರ ಯೂನಿಟ್ ಎನ್ನೋಣ. ಅನುಕೂಲಕ್ಕೆ ಯೂನಿಟ್ಟಿಗೆ 10 ರೂಪಾಯಿ ಹಿಡಿದರೆ ವರ್ಷಕ್ಕೆ ಹತ್ತು ಸಾವಿರ. ನಗರಕ್ಕೆ ವಿದ್ಯುತ್ ಕೊಡುವ ಬೆಸ್ಟ್‌ನ ಬಿಲ್ಲಾಗಲಿ ಉಪನಗರದ ಬಿಲ್ಲಾಗಲಿ, 100, 300, 500 ಯೂನಿಟ್ಟುಗಳಲ್ಲಿ ಸ್ಲ್ಯಾಬ್ ಬದಲಾಗುವುದರಿಂದ, ಏಸಿಯ ಯೂನಿಟ್ಟುಗಳು ಸಾಮಾನ್ಯವಾಗಿ ತುದಿಯ ದುಬಾರಿ ದರದಲ್ಲೇ ಬೀಳುತ್ತವೆ. ನಾಲ್ಕು ವರ್ಷದಲ್ಲಿ ಹೊಸ ಏಸಿಯ ಬೆಲೆ ಬಂತು.

ಆದರೆ ಮನೆಯಲ್ಲಿರುವುದು 2018ರ ನಂತರದ ಮೂರು ನಕ್ಷತ್ರದ ಇನ್ವರ್ಟರ್ ಆಗಿದ್ದರೆ ಅದು ಅದೇ ಲೆಕ್ಕದಲ್ಲಿ ಸುಮಾರು ಸಾವಿರ ಯೂನಿಟ್ ತಿನ್ನುತ್ತದೆ. ಬದಲಿಸಿದರೆ ಉಳಿಯುವುದು 250 ಯೂನಿಟ್, ಎರಡೂವರೆ ಸಾವಿರ ರೂಪಾಯಿ. ಆ ದರದಲ್ಲಿ ಬೆಲೆ ವಾಪಸು ಬರುವ ಹೊತ್ತಿಗೆ ಕಡಲಗಾಳಿ ಹೊಸದನ್ನೂ ಮುಗಿಸಿರುತ್ತದೆ. ನಮ್ಮ ಹಾಲ್‌ನ ಹಳೆಯ ಏಸಿ ಗಂಟೆಗೆ ಎಷ್ಟೇ ತಿಂದರೂ ನೆಂಟರು ಬಂದಾಗ ಮಾತ್ರ ಓಡುವುದರಿಂದ ವರ್ಷಕ್ಕೆ ಇನ್ನೂರು ಗಂಟೆ ಮುಟ್ಟುವುದು ಕಷ್ಟ. ಹೊಸದಕ್ಕೆ ಹೋಲಿಸಿದರೆ ಅದರ ದುಂದು ವರ್ಷಕ್ಕೆ ಸಾವಿರದಿನ್ನೂರು ರೂಪಾಯಿ. ಆದ್ದರಿಂದ ಅದು ಉಳಿಯಿತು.

ನಕ್ಷತ್ರಗಳನ್ನೇ ನಂಬುವುದೂ ಕಷ್ಟ. 2018ರಲ್ಲಿ ಐಸೀರ್ ಅಂಕ (ತಿಂದ ವಿದ್ಯುತ್ತಿಗೆ ಏಸಿ ಎಷ್ಟು ತಂಪು ಕೊಡುತ್ತದೆಂಬ ಅಳತೆ) 4.5 ಮುಟ್ಟಿದರೆ ಐದು ನಕ್ಷತ್ರ. 2022ರ ಜುಲೈಯಿಂದ ಅದಕ್ಕೆ 5.0 ಬೇಕಾಯಿತು, 2026ರ ಜನವರಿಯಿಂದ ಅಳತೆ ಮತ್ತೆ ಬಿಗಿಯಾಗಿದೆ. ಯಂತ್ರ ಅದೇ, ನಕ್ಷತ್ರ ಮಾತ್ರ ಉದುರುತ್ತದೆ. ಚೀಟಿಯಲ್ಲಿ ಓದಬೇಕಾದ್ದು ಅಂಕವನ್ನು.

ಭಾವನ ವಹಿ

ಮಾಟುಂಗಾದಲ್ಲಿ ನನ್ನ ಭಾವನದೊಂದು ಹೋಟೆಲಿದೆ. ಕೆಳಗೆ ಸಾದಾ, ಮೇಲೆ ಎ.ಸಿ. ಸೆಕ್ಷನ್, ಅದೇ ಇಡ್ಲಿಗೆ ಎರಡು ದರ. ಹಾಲಿನವನ ಲೆಕ್ಕ ಬರೆಯುವ ವಹಿಯ ಹಿಂಬದಿಯಲ್ಲಿ ಅವರು ಒಂದೊಂದು ಏಸಿಗೂ ಒಂದೊಂದು ಪುಟ ಇಟ್ಟಿದ್ದಾರೆ: ಯಾರು ಬಂದರು, ಏನು ಮಾಡಿದರು, ಕ್ಲ್ಯಾಂಪ್ ಮೀಟರಿನಲ್ಲಿ ಎಷ್ಟು ಆಂಪಿಯರ್ ತೋರಿಸಿತು, ಎಷ್ಟು ಕೊಟ್ಟದ್ದು. ಮೆಕ್ಯಾನಿಕ್ ಬಾಯಲ್ಲಿ ಹೇಳುವುದಕ್ಕಿಂತ ಆ ಆಂಪಿಯರಿನ ಸಾಲನ್ನು ಮೇಲಿಂದ ಕೆಳಕ್ಕೆ ಓದಿದರೆ ಯಂತ್ರದ ಕಥೆ ಗೊತ್ತಾಗುತ್ತದೆ. ನಾನು ಮಲಗುವ ಕೋಣೆಯ ಕಾಯಿಲ್ ವಿಷಯ ತೆಗೆದು, ಈ ವಾರವೇ ಹೊಸದನ್ನು ತರುತ್ತೇವೆಂದಾಗ ಗಲ್ಲೆಯ ಮೇಲೆ ಕೂತಿದ್ದ ಭಾವ ಕನ್ನಡಕದ ಮೇಲಿನಿಂದ ನೋಡಿದರು.

“ಎಂತ ಮಾರಾಯ್ತಿ, ಮೇ ತಿಂಗಳಲ್ಲಿ ಯಾರಾದರೂ ಏಸಿ ಹಾಕಿಸ್ತಾರಾ?”

ಬೆಲೆಯ ಮಾತಿರಬೇಕೆಂದುಕೊಂಡೆ. ಅವರ ಚಿಂತೆ ಬೇರೆಯಿತ್ತು. ಮೇ ತಿಂಗಳಲ್ಲಿ ಏಸಿ ಕೂರಿಸುವ ಹುಡುಗರಿಗೆ ದಿನಕ್ಕೆ ಹಲವು ಮನೆಗಳು ಕಾದಿರುತ್ತವೆ. ಕೊಳವೆ ಜೋಡಿಸಿದ ಮೇಲೆ ಪಂಪು ಹಚ್ಚಿ ಒಳಗಿನ ಗಾಳಿಯನ್ನೂ ತೇವವನ್ನೂ ಪೂರ್ತಿ ಎಳೆದು ತೆಗೆಯಬೇಕು. ಅದಕ್ಕೆ ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಅವಸರದವರು ಸ್ವಲ್ಪ ಗ್ಯಾಸನ್ನೇ ಬಿಟ್ಟು ಗಾಳಿ ಹೊರದೂಡಿದಂತೆ ಮಾಡಿ ಕೈತೊಳೆದುಕೊಳ್ಳುತ್ತಾರೆ. ನಮ್ಮ ಊರಿನ ಗಾಳಿ ಎಂದರೆ ನೀರೇ. ಆ ನೀರು ಒಳಗುಳಿದು ಕಂಪ್ರೆಸರಿನ ಎಣ್ಣೆಯೊಡನೆ ಸೇರಿ ಆಮ್ಲವಾಗುತ್ತದೆ. “ಹೊರಗಿಂದ ಉಪ್ಪು ತಿನ್ನುವುದು ಸಾಲದೂಂತ ಒಳಗಿಂದಲೂ ತಿನ್ನಿಸೂದಾ?” ಎಂದರು ಭಾವ. ಅವರು ಏಸಿ ಬದಲಿಸುವುದು ಗಣಪತಿ ಹಬ್ಬ ಕಳೆದ ಮೇಲೆ. ಆಗ ಹುಡುಗರಿಗೂ ಪುರಸೊತ್ತು, ತಲೆಯ ಮೇಲೆ ನಿಂತು ಕೆಲಸ ಮಾಡಿಸಿಕೊಳ್ಳಲು ತಮಗೂ ಪುರಸೊತ್ತು. 2025ರ ಸೆಪ್ಟೆಂಬರ್ 22ರಿಂದ ಏಸಿಯ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಾಗ, ತಾನು ಮೊದಲಿನಿಂದಲೂ ಸರಿಯಾದ ತಿಂಗಳನ್ನೇ ಹಿಡಿದಿದ್ದೆನೆಂದು ಅವರು ಹೆಮ್ಮೆಪಟ್ಟುಕೊಂಡರು. ಅದು ಕಾಕತಾಳೀಯವೆಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಅವರ ಸಲಹೆಯಂತೆ ಆ ಬೇಸಿಗೆಯನ್ನು ಇನ್ನೊಂದು ಸಲ ಗ್ಯಾಸ್ ತುಂಬಿಸಿಯೇ ಕಳೆದೆವು. ಬಾಡಿಗೆ ಎಂದು ಗೊತ್ತಿದ್ದೂ ಕೊಟ್ಟ ಬಾಡಿಗೆ ಅದು, ಮಳೆ ಕಳೆಯುವವರೆಗೆ ಸಮಯ ಕೊಳ್ಳುವುದಕ್ಕಾಗಿ.

ತೆಗೆಯುವಾಗ

ಎಲ್ಲ ಲೆಕ್ಕಗಳನ್ನೂ ಬದಿಗಿಟ್ಟು ಕೂಡಲೇ ತೀರ್ಮಾನಿಸಬೇಕಾದ ಒಂದೇ ಸಂದರ್ಭವೆಂದರೆ ಹೊರಗಿನ ಯೂನಿಟ್ಟನ್ನು ಹೊತ್ತ ಕಬ್ಬಿಣದ ಬ್ರ್ಯಾಕೆಟ್. ಮೂವತ್ತು ಕಿಲೋದ ಯೂನಿಟ್ ಬೀದಿಯ ಮೇಲೆ ತೂಗುತ್ತಿರುತ್ತದೆ, ಅದನ್ನು ತೊಳೆಯಲು ಬಂದವನು ಅದಕ್ಕೇ ಕೈಯಾನುತ್ತಾನೆ. ಬೋಲ್ಟಿನ ಬುಡದಲ್ಲಿ ತುಕ್ಕು ಪದರವಾಗಿ ಏಳುತ್ತಿದ್ದರೆ ಏಸಿ ಎಷ್ಟು ತಂಪು ಕೊಟ್ಟರೂ ಬ್ರ್ಯಾಕೆಟ್ ಬದಲಾಗಬೇಕು. ಕರಾವಳಿಯಲ್ಲಿ ಸ್ಟೇನ್‌ಲೆಸ್ ಸ್ಟೀಲಿನದಕ್ಕೆ ಕೊಡುವ ಹೆಚ್ಚಿನ ಹಣ ವ್ಯರ್ಥವಲ್ಲ.

ಹಳೆಯದನ್ನು ಬಿಚ್ಚುವಾಗ ಗ್ಯಾಸನ್ನು ಹೊರಗಿನ ಯೂನಿಟ್ಟಿಗೆ ಎಳೆದುಕೊಂಡು ವಾಲ್ವ್ ಮುಚ್ಚಿಸಬೇಕು. ಗುಜರಿಯವನು ಕೊಳವೆಯನ್ನು ಹಾಗೇ ಕತ್ತರಿಸಿದರೆ ಒಳಗಿದ್ದದ್ದೆಲ್ಲ ಗಾಳಿಗೆ ಹೋಗುತ್ತದೆ. ಮಲಗುವ ಕೋಣೆಯದರಲ್ಲಿದ್ದದ್ದು ಆರ್-32 ಎಂಬ ಗ್ಯಾಸ್. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿನ 675 ಪಟ್ಟು. ಹಾಲ್‌ನ ಹಳೆಯದರಲ್ಲಿರುವ ಆರ್-22 ಸುಮಾರು 1,810 ಪಟ್ಟು, ಸಾಲದ್ದಕ್ಕೆ ಓಝೋನ್ ಪದರಕ್ಕೂ ಕೇಡು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯದ ನಿಯಮಗಳಲ್ಲಿ ಏಸಿಯೂ ಸೇರಿದೆ. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟರೆ ಅಂಗಡಿಯವರು ಅದನ್ನು ಎಲ್ಲಿಗೆ ಕಳಿಸುತ್ತಾರೆಂದು ಕೇಳುವುದರಲ್ಲಿ ತಪ್ಪೇನಿಲ್ಲ. ಭಾರತದಲ್ಲಿ 2025ರ ಜನವರಿಯಿಂದ ಹೊಸ ಉಪಕರಣಗಳ ತಯಾರಿಕೆಯಲ್ಲಿ ಆರ್-22ನಂಥ ಅನಿಲಗಳಿಗೆ ಜಾಗವಿಲ್ಲ. ರಿಪೇರಿಗೆ ಇನ್ನೂ ಸಿಗುತ್ತದೆ, ಆದರೆ ಹಳೆಯ ಯಂತ್ರಗಳೊಂದಿಗೆ ಅದೂ ಕರಗುತ್ತಾ ಹೋಗುವ ಸರಕು. ಆದ್ದರಿಂದ ಹಾಲ್‌ನ ಏಸಿಯ ವಿಷಯದಲ್ಲಿ ಈಗಲೇ ಒಂದು ತೀರ್ಮಾನ ಬರೆದಿಟ್ಟಿದ್ದೇವೆ: ಕೆಪಾಸಿಟರ್, ಫ್ಯಾನ್ ಮೋಟರ್ ಹೋದರೆ ಹಾಕಿಸುವುದು, ಕಾಯಿಲ್ ಸೋರಿತೆಂದು ಸೋಪಿನ ಗುಳ್ಳೆ ಹೇಳಿದ ದಿನ, ಅದು ಏಪ್ರಿಲ್ ಆಗಿದ್ದರೂ ಸರಿ, ಗ್ಯಾಸ್ ತುಂಬಿಸದೆ ಹಬ್ಬ ಕಳೆಯುವವರೆಗೆ ಫ್ಯಾನಿನಲ್ಲೇ ನೆಂಟರನ್ನು ಕೂರಿಸುವುದು.